ಬೀಲ ಇಲ್ಲದ್ದ ಎಲಿಯೂ ಎನ್ನ ಬಲದ ಕೈಯೂ

ಎಂಗಳ ಮನೆಲಿ ಎರಡು ನಮುನೆ ಎಲಿ ಇದ್ದು. ಒಂದು ಅಟ್ಟಲ್ಲಿ ಇಪ್ಪದು, ಇರುಳಿಡೀ ಕಾಯಿ ಕರಂಡುದು. ಇನ್ನೊಂದು ಕಂಪ್ಯೂಟರಿನ ಮೇಜಿಲಿ ಇಪ್ಪದು, ಅದಕ್ಕೆ ಬೀಲ ಇಲ್ಲೆ. ಅಟ್ಟದ ಎಲಿಗೆ ಬೋನು ಮಡುಗುಲೆ ಎನಗೆ ಅರಡಿಗು. ಈ ಬೀಲ ಇಲ್ಲದ್ದದು ಮಾಂತ್ರ ಎನ್ನ ಎರಡು ತಿಂಗಳು ಸರಿ ಒರಗುಲೆ ಬಿಟ್ಟಿದಿಲ್ಲೆ. ಆ ಶುದ್ದಿ ಹೇಳ್ತೆ, ಚಾಯ ಮಡಿಕ್ಕೊಂಡು ಕೂದುಗೊಳ್ಳಿ.

ಎನ್ನ ಅಬ್ಬೆದು ಒಂದು ಶೋಭಾನೆ ಪುಸ್ತಕ ಇದ್ದು. ಅಚ್ಚು ಹಾಕಿದ್ದಲ್ಲ, 200 ಪುಟದ ಉದ್ದ ನೋಟ್ ಬುಕ್ಕು. ಎಣ್ಣೆ ಅರಿಶಿನ ಹಚ್ಚುವಗಾಣ ಪದಂದ ಹಿಡುದು ಕೂಸಿನ ಹೆರಡುಸುವಗಾಣ ಪದದ ವರೆಗೆ ಎಲ್ಲವನ್ನೂ ಅಬ್ಬೆ ಶಾಯಿ ಪೆನ್ನಿಲಿ ಬರದು ಮಡಗಿದ್ದು. ಮಳೆಗಾಲದ ಶೀತಕ್ಕೆ ಶಾಯಿ ಹಬ್ಬಿದ್ದು, ಕರೆ ಎಲ್ಲ ಹುಳು ತಿಂದಿದು. ಇನ್ನು ನಾಕು ಮಳೆಗಾಲ ಕಳುದರೆ ಓದುಲೆ ಎಡಿಯ. ಹಾಂಗಾಗಿ ಕಂಪ್ಯೂಟರಿಲಿ ಟೈಪು ಮಾಡಿ ಮಡುಗುವೊ ಹೇಳಿ ಸುರು ಮಾಡಿದೆ. ಎನ್ನದು ಪಿಯುಸಿ ಓದಿದ ತಲೆ, ಅದುದೇ 1987ರದ್ದು. ಕಂಪ್ಯೂಟರು ಕಲಿಶಿದ್ದು ಮಗ. ಅವ ಬೆಂಗ್ಳೂರಿಲಿ ಇದ್ದರೂ ಫೋನಿಲಿ ಪಾಠ ನಡೆತ್ತು.

ತಕರಾರು ಸುರು ಆದ್ದು ಆಟಿ ತಿಂಗಳಿಲಿ. ಸ್ಕ್ರೀನಿನ ಬಾಣ ಒಂದು ಕಡೆ ಹೋಗು ಹೇಳಿರೆ ಇನ್ನೊಂದು ಕಡೆಂಗೆ ಹಾರುದು. ರಜ ಹೊತ್ತು ಕಲ್ಲಿನ ಹಾಂಗೆ ಕೂದುಗೊಂಬದು, ಮತ್ತೆ ಒಂದರಿಯಂಗೆ ಮೂಲೆಗೆ ಓಡುದು. ಒಂದು ದಿನ ಆರತಿ ಪದದ ಮೂರು ಚರಣವ ಹಿಡುದು ಮೇಲಂಗೆ ಎಳವಲೆ ಹೆರಟೆ. ಅರ್ಧ ದಾರಿಲಿ ಕೈ ಬಿಟ್ಟತ್ತು. ಚರಣ ಎಲ್ಲಿಯೋ ಹೋಗಿ ಬಿದ್ದತ್ತು. ಆನು ಕನ್ನಡ್ಕ ಹಾಕದ್ದೆ, ನೋಡದ್ದೆ, ಸೇವ್ ಮಾಡಿ ಮುಚ್ಚಿದೆ. ಮರದಿನ ಹುಡ್ಕಿರೆ ಹಸೆಗೆ ಕರವ ಪದದ ನೆಡುಕೆ ಆರತಿ ಇದ್ದು! ಇನ್ನು ಆರಾರೂ ಹಾಂಗೇ ಹಾಡಿರೆ ಮದಿಮ್ಮಾಳು ಹಸೆಗೆ ಬಪ್ಪ ಮೊದಲೇ ಆರತಿ ಮುಗಿಗು.

"ಸೆಲ್ಲು ಮುಗುದಿಕ್ಕು" ಹೇಳಿದವು ಇವು. ರಿಮೋಟಾಗಲಿ, ಗಡಿಯಾರ ಆಗಲಿ, ಇವರ ಮದ್ದು ಅದೊಂದೇ. ಹೊಸ ಸೆಲ್ಲು ಹಾಕಿ ಎರಡು ದಿನ ಸರಿ ಇತ್ತು, ಮೂರನೇ ದಿನ ಪುನಃ ಅದೇ ಹಾಡು. ಮುಚ್ಚಲು ತೆಗದು ಸರಿಯಾಗಿ ನೋಡಿರೆ ಸ್ಪ್ರಿಂಗಿನ ಬುಡಲ್ಲಿ ಬೆಳಿ ಹೊಡಿ ಹಿಡುದ್ದು. ಹಳೆ ಸೆಲ್ಲು ಏವಗಳೋ ಸೋರಿದ್ದಾಯಿಕ್ಕು. ಆಲ್ಕಲೈನ್ ಸೆಲ್ಲಿಂದ ಸೋರುದು ಕ್ಷಾರ, ಅದಕ್ಕೆ ಹುಳಿ ಮುಟ್ಟುಸಿರೆ ಬಿಡ್ತು. ಸೆಲ್ಲು ಹೆರ ತೆಗದು ಮಡುಗಿ, ಕಡ್ಡಿಗೆ ಹತ್ತಿ ಸುತ್ತಿ, ನಿಂಬೆಹುಳಿಯ ಎಸರಿಲಿ ಅದ್ದಿ, ಹನಿ ಇಳಿಯದ್ದ ಹಾಂಗೆ ಉದ್ದಿದೆ. ಮತ್ತೆ ಚೆಂಡಿ ಹತ್ತಿಲಿ ಒಂದರಿ, ಒಣಗಿದ ಹತ್ತಿಲಿ ಒಂದರಿ. ಪುಳ್ಳಿಯ ಪೆನ್ಸಿಲು ಉದ್ದುವ ರಬ್ಬರಿಲಿ ತಗಡಿನ ತಿಕ್ಕಿದೆ, ಬೆಳ್ಳಿಯ ಹಾಂಗೆ ಹೊಳದತ್ತು. ಇರುಳಿಡೀ ಒಣಗುಲೆ ಬಿಟ್ಟು ಉದಿಯಪ್ಪಗ ಸೆಲ್ಲು ಹಾಕಿದೆ. ಮತ್ತೆ ಪೂರ್ತಿ ಸಾವದು ನಿಂದತ್ತು.

ಬಾಣದ ಕೊಣಿತ ಮಾಂತ್ರ ನಿಂದಿದಿಲ್ಲೆ.

ಮಗಂಗೆ ಫೋನು ಮಾಡಿದೆ. ಅವ ಅಲ್ಲಿಂದಲೇ ಎನ್ನ ಸ್ಕ್ರೀನು ನೋಡಿಗೊಂಡು, ನೆಗೆ ಮಾಡಿಗೊಂಡು ಹೇಳಿದ, "ಅಮ್ಮ, ನಿನ್ನ ಕೈ ನಡುಗುತ್ತಾ ಹೇಂಗೆ? ಬಾಣ ಪೂರ ನಡುಗುತ್ತನ್ನೆ!"

ಅವಂಗೆ ಅದು ತಮಾಶೆ. ಎನಗೆ ಹೊಟ್ಟೆಯೊಳ ಚಳಿ ಕೂದತ್ತು. ಎನ್ನ ಅಪ್ಪಂಗೆ ಪಾರ್ಕಿನ್ಸನ್ ಇತ್ತು. ಸುರು ಆದ್ದು 58ನೇ ವರ್ಷಲ್ಲಿ, ಬಲದ ಕೈಗೆ. ಎನಗೆ ಈಗ 56. ಎಡಿಗಾದಷ್ಟು ದಿನ ಅಪ್ಪ ಅದರ ಆರಿಂಗೂ ಹೇಳಿದ್ದವಿಲ್ಲೆ. ಕೈಯ ಶಾಲಿನ ಒಳ ಮಡಿಕ್ಕೊಂಬದು, ಚಳಿ ಹೇಳುದು. ಎಪ್ರಿಲಿಲಿ ಎಂತ ಚಳಿ? ಎಂಗೊಗೆ ಆರಿಂಗೂ ಕೇಳೆಕ್ಕು ಹೇಳಿ ಕಂಡಿದಿಲ್ಲೆ.

ಆನುದೇ ಆರಿಂಗೂ ಹೇಳಿದ್ದಿಲ್ಲೆ. ಬುದ್ಧಿ ಇಪ್ಪವು ಡಾಕ್ಟರ ಹತ್ತರೆ ಹೋಕು. ಆನು ಮಜ್ಜಿಗೆ ಹಿಡ್ಕೊಂಡು ನಡದೆ. ಗ್ಲಾಸಿನ ಕರೆವರೆಗೆ ತುಂಬುಸಿ ಅಡಿಗೆಮನೆಂದ ಜೆಗಿಲಿವರೆಗೆ, ಒಂದು ಹನಿ ಚೆಲ್ಲಿರೆ ರೋಗ, ಚೆಲ್ಲದ್ರೆ ಇಲ್ಲೆ ಹೇಳಿ ಎನ್ನದೇ ಲೆಕ್ಕ. ಚೆಲ್ಲಿದ್ದಿಲ್ಲೆ. ಸೂಜಿಗೆ ನೂಲು ಹಾಕಿ ನೋಡಿದೆ, ಆರು ಸರ್ತಿ ತಪ್ಪಿತ್ತು, ಅದು ಕಣ್ಣೋ ಕೈಯೋ ಗೊಂತಾಯಿದಿಲ್ಲೆ. ನೆಲಕ್ಕಲ್ಲಿ ರಂಗೋಲಿ ಎಳೆ ಎಳದೆ, ನೇರವೇ ಬಂತು. ಅಷ್ಟಪ್ಪಗ ನೆಂಪಾತು, ಅಪ್ಪನ ಡಾಕ್ಟ್ರು ಹೇಳಿದ್ದವು, ಆ ರೋಗಲ್ಲಿ ಕೈ ಸುಮ್ಮನೆ ಕೂದಿಪ್ಪಗಳೇ ನಡುಗುದು ಹೆಚ್ಚು, ಕೆಲಸಕ್ಕೆ ಹೋದರೆ ಕಮ್ಮಿ ಆವ್ತು ಹೇಳಿ. ಅಪ್ಪು, ಅಪ್ಪ ಚಮಚ ಹಿಡುದರೆ ಸರಿ ಇತ್ತಿದ್ದವು. ಪೇಪರು ಓದಿಕ್ಕಿ ಮಡಿಲಿಲಿ ಮಡುಗಿರೆ ಅದರ ಕರೆ ಪರಪರ ಹೇಳಿಗೊಂಡಿತ್ತು. ಅಂಬಗ ಎನ್ನ ಮಜ್ಜಿಗೆ ಪರೀಕ್ಷೆ ಪೂರಾ ವ್ಯರ್ಥ! ಮತ್ತಾಣ ಒಂದು ವಾರ ಟಿ.ವಿ. ನೋಡುವ ನೆಪಲ್ಲಿ ಮಡಿಲಿಲಿಪ್ಪ ಕೈಯನ್ನೇ ನೋಡಿಗೊಂಡು ಕೂದೆ. ತುಂಬ ಹೊತ್ತು ನೋಡಿರೆ ಆರ ಕೈಯೂ ಹಂದಿದ ಹಾಂಗೆ ಕಾಣ್ತು, ನಿಂಗಳೂ ನೋಡಿ.

ಗುಟ್ಟು ಒಡದ್ದು ಒಂದು ಹೊತ್ತೋಪಗ. ಟೈಪು ಮಾಡಿಗೊಂಡಿಪ್ಪಗ ಕುಕ್ಕರು ಕೂಗಿತ್ತು. ಎದ್ದು ಹೋಗಿ ಗ್ಯಾಸು ನಂದುಸಿ ಬಂದು ಬಾಗಿಲಿಲಿ ನಿಂದೆ. ಮೇಜಿನ ಹತ್ತರೆ ಆರೂ ಇಲ್ಲೆ. ಸ್ಕ್ರೀನಿಲಿ ಬಾಣ ಅದರಷ್ಟಕ್ಕೇ ನಡುಗಿಗೊಂಡು ಎರುಗಿನ ಹಾಂಗೆ ಹರಕ್ಕೊಂಡು ಹೋವ್ತಾ ಇದ್ದು! ಆನು ಅಲ್ಲೇ ನೆಲಕ್ಕಲ್ಲಿ ಕೂದೆ. ಕೂಗಿದೆನೋ ನೆಗೆ ಮಾಡಿದೆನೋ ಈಗ ಹೇಳ್ಲೆ ಎಡಿತ್ತಿಲ್ಲೆ.

ಮೇಜಿಂಗೆ ಗ್ಲಾಸು ಹಾಕಿದ್ದೆಯೊ. ಅಡಿಲಿ ಮಗಳ ಮದುವೆ ಪಟ, ಪುಳ್ಳಿಯ ಪಟ. ಮೊದಲು ಅದರ ಮೇಲೆ ಮೌಸಿಂಗೆ ಒಂದು ಕಪ್ಪು ಮ್ಯಾಟು ಇತ್ತು, ಆಟಿಲಿ ಬೂಸರು ಹಿಡುದು ಆನೇ ಇಡ್ಕಿದ್ದು. ಮೌಸಿನ ಅಡಿಲಿ ಕೆಂಪು ಬೆಣಚ್ಚಿಯ ಹತ್ತರೆ ಒಂದು ಸಣ್ಣ ಕೆಮರ ಇರ್ತಡ. ಅದು ಒಂದು ಸೆಕೆಂಡಿಂಗೆ ಸಾವಿರಕ್ಕೂ ಹೆಚ್ಚು ಸರ್ತಿ ಮೇಜಿನ ಪಟ ತೆಗದು, ಒಂದಕ್ಕೊಂದು ಹೋಲುಸಿ, ಆನು ಎತ್ತ ಹೋದೆ ಹೇಳಿ ಲೆಕ್ಕ ಹಾಕುದು. ಮರಲ್ಲಿಯೋ ಕಾಗದಲ್ಲಿಯೋ ಸಣ್ಣ ಸಣ್ಣ ತರಿ ಇರ್ತು, ಅದಕ್ಕೆ ಗುರ್ತ ಸಿಕ್ಕುತ್ತು. ಗ್ಲಾಸಿಲಿ ಎಂತ ಇದ್ದು? ನೀರಿನ ಮೇಲೆ ಹೆಜ್ಜೆ ಹುಡ್ಕಿದ ಹಾಂಗೆ. ಹಳೆ ಲಗ್ನಪತ್ರಿಕೆಯ ಒರಟು ರಟ್ಟಿನ ಅಡಿಂಗೆ ಮಡುಗಿದೆ. ಬಾಣ ನಿಂದಲ್ಲೇ ನಿಂದತ್ತು. ಕೈ ಮಡುಗಿ ನೋಡಿದೆ, ತೆಗದು ನೋಡಿದೆ, ಪುನಃ ಮಡುಗಿದೆ. ಹಂದಿದ್ದಿಲ್ಲೆ.

ಇನ್ನು ಒಂದು ಒಳುದ್ದು, ನೆಡುನೆಡುಕೆ ಕಲ್ಲಾಗಿ ಕೂಪದು. ಅದು ಪಟ ಕಾಪಿ ಮಾಡುವಗ ಹೆಚ್ಚು ಹೇಳಿ ಎನಗೇ ಅಂದಾಜಾತು. ಮಗ ಕೇಳಿದ, "ಮೌಸಿನ ಗುಬ್ಬಿ ಎಲ್ಲಿ ಸಿಕ್ಕುಸಿದ್ದೆ?" ಉಗುರಿನಷ್ಟು ದೊಡ್ಡದು ಒಂದು ರಿಸೀವರು ಇರ್ತಲ್ಲದಾ, ಅದು. ಮೇಜಿನ ಅಡಿಲಿ, ಸಿಪಿಯುವಿನ ಹಿಂದೆ, ಗೋಡೆಗೆ ಮೋರೆ ಹಾಕಿ ಇತ್ತು. ಅದರ ತಾಗಿಗೊಂಡೇ ನೀಲಿ ಬಾಯಿಲಿ ಪಟದ ಹಾರ್ಡ್ ಡಿಸ್ಕಿನ ವಯರು. ಮೌಸು ಮಾತಾಡುದು 2.4 ಗಿಗಾಹರ್ಟ್ಸಿಲಿ ಅಡ. ನೀಲಿ ಬಾಯಿಯ ಯುಎಸ್‌ಬಿ 3 ಕೆಲಸ ಮಾಡುವಗ ಅದೇ ಜಾಗೆಲಿ ಗದ್ದಲ ಎಬ್ಬುಸುತ್ತು, ಇಂಟೆಲಿನವು 2012ರಲ್ಲೇ ಇದರ ಅಳದು ಬರದ್ದವು ಹೇಳಿ ಮಗ ವಿವರುಸಿದ. ಎನಗೆ ಅರ್ಥ ಆದ್ದು ಹೀಂಗೆ: ಮದುವೆ ಹಾಲಿಲಿ ವಾಲಗದವರ ಹತ್ತರೆ ಕೂದುಗೊಂಡು ಅತ್ತಿಗೆಯ ಹತ್ತರೆ ಗುಟ್ಟು ಹೇಳಿದ ಹಾಂಗೆ. ಮದ್ದುದೇ ಅದೇ, ಜಾಗೆ ಬದಲುಸುದು. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ವಯರು ತರುಸಿ ಗುಬ್ಬಿಯ ಮೇಜಿನ ಮೇಲೆ, ಮೌಸಿಂಗೆ ಕಾಂಬ ಹಾಂಗೆ ಕೂರುಸಿದೆ. ಆತು.

ಸುರುವಾಣ ಮೌಸಿನ 1964ರಲ್ಲಿ ಅಮೇರಿಕಲ್ಲಿ ಎಂಗೆಲ್‌ಬಾರ್ಟ್ ಹೇಳುವವರ ಕೂಟಲ್ಲಿ ಮಾಡಿದ್ದಡ, ಮರದ ಡಬ್ಬಿ, ಅಡಿಲಿ ಎರಡು ಗಾಲಿ, ಹಿಂದೆ ವಯರಿನ ಬೀಲ. ಬೀಲ ಇದ್ದಿದ್ದರೆ ಎನಗೆ ಈ ಬಂಙವೇ ಇಲ್ಲೆ.

ಇನ್ನೊಂದು ದೋಷ ಹೋಯಿದಿಲ್ಲೆ. ಒಂದರಿ ಒತ್ತಿರೆ ಎರಡು ಸರ್ತಿ ಒತ್ತಿದ ಹಾಂಗೆ ಆವ್ತು, ಎಳವಗ ಕೈ ಬಿಡುದೂ ಅದರಂದಲೇ. ಒಳಾಣ ಸಣ್ಣ ಸ್ವಿಚ್ಚಿನ ತಗಡು ಸವದ್ದು, ಅದಕ್ಕೆ ನಿಂಬೆಹುಳಿ ಆಗ. ಈಗ ಚರಣ ಎಳವಲೆ ಹೋವ್ತಿಲ್ಲೆ, ಕೀಲಿಲಿಯೇ ಕತ್ತರುಸಿ ಅಂಟುಸುತ್ತೆ.

ಎಲ್ಲ ಮುಗುದ ಮೇಲೆ ಒಂದಿರುಳು ಇವರ ಹತ್ತರೆ ಕೈಯ ಶುದ್ದಿ ಹೇಳಿದೆ. ಇವು ರಜ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ ಕೇಳಿದವು, "ಅದಕ್ಕೋ ನೀನು ದಿನಾ ಗ್ಲಾಸಿನ ತುಂಬ ಮಜ್ಜಿಗೆ ತಂದುಗೊಂಡಿದ್ದದು? ಆನು ಎನಗೆ ಉಷ್ಣ ಆಯಿದು ಹೇಳಿ ಗ್ರೇಶಿ ಪೂರ ಕುಡುದ್ದೆ." ಮರದಿನ ಇವೇ ಡಾಕ್ಟರ ಹತ್ತರೆ ಕರಕ್ಕೊಂಡು ಹೋದವು. ಡಾಕ್ಟ್ರು ಕೈ ತಿರುಗುಸಿ, ಬೆರಳು ತಟ್ಟುಸಿ, ನಡೆಶಿ ನೋಡಿದವು. ಎಂತ ಇಲ್ಲೆಡ, ಬಿಪಿ ರಜ ಹೆಚ್ಚಿದ್ದಡ.

ಆರತಿ ಪದವ ಅದರ ಜಾಗೆಗೆ ತಂದು ಮಡುಗಿದ್ದೆ. ನೋಟ್ ಬುಕ್ಕಿಲಿ ಇನ್ನು 80 ಪುಟ ಇದ್ದು.