ಗಾಳಿ ನೋಡಿ ಹೊರಟ ಪ್ರವಾಸ

ನಮ್ಮ ಮನೆಯಲ್ಲಿ ಪೂಜೆಯ ವೇಳೆ ಲೋಬಾನ ಹಾಕುವುದನ್ನು ಬಿಟ್ಟು ಹದಿನೈದು ವರುಷಗಳಾದವು. ನಮ್ಮ ಶ್ರೀಮತಿಯವರಿಗೆ ಉಬ್ಬಸ. ಒಂದು ಊದುಬತ್ತಿಯ ಹೊಗೆಯೂ ಅವರ ಇರುಳಿನ ನಿದ್ದೆಯನ್ನು ಕಸಿದುಕೊಳ್ಳಬಲ್ಲದು. ಇಂಥವರನ್ನು ಜ್ವಾಲಾಮುಖಿಗಳ ಹವಾಯಿ ದ್ವೀಪಕ್ಕೆ ಕರೆದೊಯ್ಯುವೆನೆಂದು ಕ್ಯಾಲಿಫೋರ್ನಿಯಾದಲ್ಲಿರುವ ಮಗ ಹೇಳಿದಾಗ ನಾವು ನಕ್ಕುಬಿಟ್ಟೆವು. ಅವರು ನಗಲಿಲ್ಲ. “ಧೂಳಿಗೆ ಅಂಜಿ ಜಾತ್ರಿ ಬಿಟ್ಟೆ, ಹೊಗಿಗೆ ಅಂಜಿ ಮದುವಿಮನಿ ಬಿಟ್ಟೆ. ಇದನ್ನೂ ಬಿಡಬೇಕೇನ್ರಿ?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಗ 2022ರ ಡಿಸೆಂಬರ್ ರಜೆಗೆಂದು ದ್ವೀಪದ ಪಡುವಣ ತೀರವಾದ ಕೋನಾದಲ್ಲಿ ಕೋಣೆ ಗೊತ್ತುಮಾಡಿದ್ದನು. ಅಲ್ಲಿ ಬಿಸಿಲು ಹೆಚ್ಚು, ಮಳೆ ಕಡಿಮೆ ಎಂಬುದು ಅವನ ಲೆಕ್ಕ. ನಕಾಶೆಯನ್ನು ಮುಂದಿಟ್ಟುಕೊಂಡು ಕುಳಿತಾಗ ನಮಗೆ ಸಂದೇಹ ಬಂದಿತು. ಕಿಲಾವೆಯಾ ಜ್ವಾಲಾಮುಖಿ ಇರುವುದು ದ್ವೀಪದ ಆಗ್ನೇಯ ಭಾಗದಲ್ಲಿ. ಅದು ಹೊರಸೂಸುವ ಗಂಧಕದ ಡೈಆಕ್ಸೈಡ್ ಅನಿಲವು ಬಿಸಿಲು, ತೇವ, ಆಮ್ಲಜನಕಗಳೊಡನೆ ಬೆರೆತು ಸೂಕ್ಷ್ಮ ಕಣಗಳ ಮಬ್ಬಾಗುತ್ತದೆ. ಅಲ್ಲಿಯ ಜನ ಇದನ್ನು ‘ವಾಗ್’ ಎನ್ನುತ್ತಾರೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವು ಈ ಮಬ್ಬನ್ನು ನೈಋತ್ಯಕ್ಕೆ ತಳ್ಳಿದರೆ, ಅದು ದ್ವೀಪದ ದಕ್ಷಿಣ ತುದಿಯನ್ನು ಬಳಸಿಕೊಂಡು ಬಂದು ಕೋನಾ ತೀರದಲ್ಲಿ ತಂಗುತ್ತದೆ. ಎತ್ತರದ ಪರ್ವತಗಳು ಮಾರುತವನ್ನು ತಡೆಯುವುದರಿಂದ ಅಲ್ಲಿ ಅದನ್ನು ಚದುರಿಸುವವರಿಲ್ಲ. ಹಗಲು ಕಡಲಗಾಳಿ ಅದನ್ನು ದಡಕ್ಕೆ ತರುತ್ತದೆ, ಇರುಳು ನೆಲಗಾಳಿ ಕಡಲಿಗೆ ಒಯ್ಯುತ್ತದೆ, ಮರುದಿನ ಮತ್ತೆ ಅದೇ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಬೀಳುವ ಕಡೆಗೆ ಯಾರೂ ಕೂಡುವುದಿಲ್ಲ. ಇಂಜಿನಿಯರನಾದ ನಮ್ಮ ಮಗ ಅಲ್ಲಿಯೇ ಕೋಣೆ ಹಿಡಿದಿದ್ದ!

ಮೂಡಣ ತೀರದ ಹೀಲೋ ಪಟ್ಟಣ ಗಾಳಿ ಬರುವ ದಿಕ್ಕಿಗಿದೆ. ವಾಣಿಜ್ಯ ಮಾರುತ ಬೀಸುವಷ್ಟು ದಿನ ಅಲ್ಲಿಯ ಗಾಳಿ ಸಾಮಾನ್ಯವಾಗಿ ನಿರ್ಮಲ. ಆದರೆ ಮಳೆ ವರುಷಕ್ಕೆ 3,000 ಮಿಲಿಮೀಟರಿಗೂ ಮಿಗಿಲು. ನಮ್ಮ ಮಂಗಳೂರಿನ ಮಳೆಗಾಲವನ್ನು ಹನ್ನೆರಡು ತಿಂಗಳಿಗೂ ಹಂಚಿಕೊಟ್ಟಂತೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆ ಮಾರುತವನ್ನು ಬಹುಮಟ್ಟಿಗೆ ನಂಬಬಹುದು. ಚಳಿಗಾಲದಲ್ಲಿ ಅದು ಆಗಾಗ ಸೋಲುತ್ತದೆ. ತೆಂಕಣ ಗಾಳಿ ಎದ್ದರೆ ಮಬ್ಬು ಓವಾಹು ದ್ವೀಪದವರೆಗೂ ಹರಡುತ್ತದೆ.

ನಾವು ಹೀಗೆ ವಾದಿಸುತ್ತಿರುವಾಗಲೇ, ನವೆಂಬರ್ 27ರಂದು, 38 ವರುಷ ಸುಮ್ಮನಿದ್ದ ಮೌನಾ ಲೋವಾ ಪರ್ವತವೂ ಸ್ಫೋಟಿಸಿತು. ಕಿಲಾವೆಯಾ ಹಿಂದಿನ ವರುಷದ ಸೆಪ್ಟೆಂಬರಿನಿಂದಲೇ ಲಾವಾ ಕಾರುತ್ತಿದ್ದಿತು. ಪ್ರವಾಸ ಬೇಡವೆಂದು ನಾವು ಖಂಡಿತವಾಗಿ ಹೇಳಿಬಿಟ್ಟೆವು. ಕೋಣೆಯ ಮುಂಗಡದಲ್ಲಿ ಅರ್ಧ ಹೋಯಿತು. ಶ್ರೀಮತಿಯವರು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ಎರಡೂ ಪರ್ವತಗಳು ತಣ್ಣಗಾದವು! ರಜೆಯ ವಾರ ಅಲ್ಲಿ ಎಲ್ಲಿಯೂ ಸ್ಫೋಟವಿರಲಿಲ್ಲ. ಗಾಳಿಯ ಲೆಕ್ಕವನ್ನು ಕಲಿಯಬಹುದು, ಬೆಟ್ಟದ ಮನಸ್ಸನ್ನು ಅರಿಯುವುದು ಹೇಗೆ? ಮನೆಯವರ ಮುಂದೆ ಮಾತ್ರ ನಾವು ಈ ಮಾತನ್ನು ಆಡಲಿಲ್ಲ. ಜನವರಿ 5ಕ್ಕೆ ಕಿಲಾವೆಯಾ ಪುನಃ ಹೊತ್ತಿಕೊಂಡಿತೆಂಬ ಸುದ್ದಿ ಬಂದಾಗ ಒಳಗೊಳಗೆ ಸಮಾಧಾನವಾದದ್ದನ್ನು ಈಗ ಒಪ್ಪಿಕೊಳ್ಳುತ್ತೇವೆ.

ಕೊನೆಗೆ ಹೋದದ್ದು 2023ರ ಮೇ ತಿಂಗಳಿನಲ್ಲಿ. ಕಿಲಾವೆಯಾ ಮಾರ್ಚ್ 7ರಿಂದ ಸುಮ್ಮನಿದ್ದಿತು. ಇಳಿದುಕೊಂಡದ್ದು ಹೀಲೋದಲ್ಲಿ. ಧಾರವಾಡದ ವೈದ್ಯರು ಬರೆದುಕೊಟ್ಟ ಇನ್‌ಹೇಲರುಗಳು ಕೈಚೀಲದಲ್ಲಿಯೇ ಇದ್ದವು. ಮುಖಕ್ಕೆ ಕಟ್ಟುವ ಮಾಸ್ಕು ಕಣಗಳನ್ನು ತಡೆದೀತು, ಗಂಧಕದ ಅನಿಲವನ್ನು ತಡೆಯದು. ಇಂಥ ಪ್ರವಾಸಕ್ಕೆ ಹೊರಡುವ ಬಂಧುಗಳು ಇದನ್ನು ಅವಶ್ಯ ನೆನಪಿನಲ್ಲಿಡಬೇಕು. ಮಗ ಪ್ರತಿ ಮುಂಜಾನೆ ವಾಯುಮಾಪನ ಕೇಂದ್ರಗಳ ಅಂಕಿಗಳನ್ನು ಫೋನಿನಲ್ಲಿ ನೋಡಿ, “ಅವ್ವಾ, ಇವತ್ತ ಹೋಗೂಣು” ಎಂದ ಮೇಲೆಯೇ ಹೊರಡುತ್ತಿದ್ದೆವು.

ಜ್ವಾಲಾಮುಖಿ ಉದ್ಯಾನದಲ್ಲಿ ಗಂಧಕದ ದಿಬ್ಬಗಳ ಬಳಿ, ಉಸಿರಾಟದ ತೊಂದರೆಯುಳ್ಳವರು ದೂರವಿರಬೇಕೆಂಬ ಎಚ್ಚರಿಕೆಯ ಫಲಕವಿದೆ. ಶ್ರೀಮತಿಯವರು ಅಲ್ಲಿಯೇ ನಿಂತರು. ನಾವೂ ನಿಂತೆವು. ಬಳಿಕ ದೂರದ ಅಂಚಿನಿಂದ ಆ ಮಹಾಕುಂಡವನ್ನು ನೋಡಿದೆವು. ಕರಿಯ ಬಂಡೆಯ ಬಯಲು, ಅಲ್ಲಲ್ಲಿ ಏಳುವ ಹಬೆ, ಜಿನುಗುವ ಮಳೆ. ಬೆಂಕಿಯ ಒಂದು ಕಿಡಿಯೂ ಕಾಣಲಿಲ್ಲ. ಅವರು ಅರ್ಧ ತಾಸು ಕೊಡೆ ಹಿಡಿದು ನಿಂತಿದ್ದರು, ಒಮ್ಮೆಯೂ ಕೆಮ್ಮಲಿಲ್ಲ.

ಜೂನ್ 7ರ ಮುಂಜಾನೆ ನಾವಿನ್ನೂ ಮಗನ ಮನೆಯಲ್ಲಿದ್ದೆವು. ಅದೇ ಕುಂಡದಲ್ಲಿ ಲಾವಾ ಚಿಮ್ಮುವ ನೇರಚಿತ್ರವನ್ನು ಅವನು ಫೋನಿನಲ್ಲಿ ತೋರಿಸಿದನು. ಮೂರು ವಾರ ತಡೆದಿದ್ದರೆ ಸಿಗುತ್ತಿತ್ತು ಎಂದು ಅವನು ಮರುಗಿದ. ಶ್ರೀಮತಿಯವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. “ನಾ ಇರೂತನಕ ತಡಕೊಂಡಿತ್ತು ನೋಡ್ರಿ, ಪಾಪ” ಎಂದು ಹೇಳಿ ಚಹಾಕ್ಕೆ ಇಡಲು ಒಳಗೆ ಹೋದರು.