ನೆಟ್ ಮುಟ್ಟಿದವರು ಯಾರು?

ನಮ್ಮ ಕಡೆ ವಾಲಿಬಾಲ್ ಆಡಲು ಒಂದು ತಂಡದಲ್ಲಿ ಆರೇ ಜನ ಇರಬೇಕೆಂಬ ಕಟ್ಟುಪಾಡೇನೂ ಇಲ್ಲ. ಸಂಜೆ ಐದೂವರೆಗೆ ಮೈದಾನಕ್ಕೆ ಎಷ್ಟು ಜನ ಬಂದರೋ ಅಷ್ಟನ್ನು ಎರಡು ಪಾಲು ಮಾಡಿದರೆ ತಂಡ ಸಿದ್ಧ. ಒಂದು ಕಡೆಗೆ ಒಂಬತ್ತು ಜನ ಬಂದರೂ ಸರಿ, ನಾಲ್ಕೇ ಜನವಾದರೂ ಸರಿ. ಲುಂಗಿ ಎತ್ತಿ ಕಟ್ಟಿದವರು, ಆಫೀಸಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡವರು, ಶಾಲೆಯ ಚಡ್ಡಿಯಲ್ಲೇ ಓಡಿ ಬಂದ ಹುಡುಗರು ಎಲ್ಲರೂ ಒಂದೇ ನೆಟ್ಟಿನ ಎರಡು ಬದಿಗೆ ನಿಲ್ಲುತ್ತಾರೆ. ಹೊತ್ತು ಮುಳುಗಿ ಮಗ್ರಿಬ್‌ನ ಬಾಂಗ್ ಕೇಳಿಸಿತೆಂದರೆ ಆಟ ಮುಗಿಯಿತು. ಚೆಂಡು ಕಾಣಿಸದ ಹೊತ್ತೂ ಅದೇ, ಬಾಂಗ್ ಆಗುವ ಹೊತ್ತೂ ಅದೇ ಆದ್ದರಿಂದ ಇದರ ಬಗ್ಗೆ ಮಾತ್ರ ಯಾವ ಊರಲ್ಲೂ ಜಗಳವಾದದ್ದು ನಾನು ನೋಡಿಲ್ಲ.

ಸರಕಾರಿ ನೌಕರಿಯ ವರ್ಗಾವಣೆಗಳಿಂದಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳಲ್ಲಿ ನಾನು ಬಾಡಿಗೆ ಮನೆ ಮಾಡಿದ್ದೇನೆ. ಹೊಸ ಊರಿಗೆ ಹೋದವರು ಮೊದಲು ಹಾಲಿನವನನ್ನು, ಮಕ್ಕಳ ಶಾಲೆಯನ್ನು ಹುಡುಕುತ್ತಾರೆ. ನಾನು ನೆಟ್ ಎಲ್ಲಿ ಕಟ್ಟುತ್ತಾರೆಂದು ಹುಡುಕುತ್ತಿದ್ದೆ. ನನ್ನ ಹೆಂಡತಿ ಇದನ್ನು ಇವತ್ತಿಗೂ ಬಂಧುಬಳಗದ ಮುಂದೆ ಹೇಳಿ ನಗುತ್ತಾಳೆ. ಆದರೆ ಐದು ಊರು ತಿರುಗಿದ ಮೇಲೆ ನನಗೆ ತಿಳಿದದ್ದೇನೆಂದರೆ, ಊರು ಬದಲಾಗುತ್ತದೆ, ಮೈದಾನದಲ್ಲಿ ತಲೆ ತಿನ್ನುವವರು ಮಾತ್ರ ಬದಲಾಗುವುದಿಲ್ಲ. ಕೂಡ್ಲಿಗಿಯಲ್ಲಿ ಬಿಟ್ಟು ಬಂದವನೇ ಹಡಗಲಿಯಲ್ಲಿ ಬೇರೆ ಮುಖ ಹಚ್ಚಿಕೊಂಡು ಕಾಯುತ್ತಿರುತ್ತಾನೆ.

ಮೊದಲನೆಯವನು ಚೆಂಡಿನ ಮಾಲೀಕ. ಇವನಿಗೆ ಆಟ ಬರಬೇಕೆಂದೇನಿಲ್ಲ, ಚೆಂಡು ಇದ್ದರೆ ಸಾಕು. ಇವನ ತಂಡ ಸೋಲತೊಡಗಿದ ಕೂಡಲೇ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಹದಿನಾರು ಜನ ಬಾಯಿ ಬಿಟ್ಟುಕೊಂಡು ನೋಡಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಇಂಥವನೊಬ್ಬನ ಕಾಟಕ್ಕೆ ನಾವೆಲ್ಲ ತಲೆಗೆ ಇಪ್ಪತ್ತು ರೂಪಾಯಿ ಹಾಕಿ ಬೇರೆ ಚೆಂಡು ತಂದೆವು. ಮರುದಿನದಿಂದ ಅವನು ನೆಟ್ಟಿನ ಮಾಲೀಕನಾದ. ಕಟ್ಟುವ ಹಗ್ಗ ಅವನದಂತೆ.

ಎರಡನೆಯವನು ‘ನಂದು, ನಂದು’ ಎಂದು ಕೂಗುವವನು. ಚೆಂಡು ಯಾರ ಕಡೆ ಬಂದರೂ ಕೂಗುತ್ತಾನೆ. ನಾವು ಹಿಂದೆ ಸರಿದರೆ ಅವನೂ ಸರಿಯುತ್ತಾನೆ. ಚೆಂಡು ನಡುವೆ ಮಣ್ಣಿಗೆ ಬಿದ್ದ ಮೇಲೆ, ‘ನೀವ್ಯಾಕ ಬಿಟ್ರಿ?’ ಎಂದು ನಮ್ಮನ್ನೇ ಕೇಳುತ್ತಾನೆ. ಇನ್ನು ಶೂಟ್ ಹೊಡೆಯಲೆಂದೇ ಹುಟ್ಟಿದವನ ಕಥೆ ಬೇರೆ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ವಾಲಿಬಾಲ್ ತಂಡಕ್ಕೆ ಕಂಚು ಬಂತಲ್ಲ, ಆ ತಂಡದಲ್ಲಿದ್ದ ಕೇರಳದ ಜಿಮ್ಮಿ ಜಾರ್ಜ್ ಹೆಸರು ಆಗ ಎಲ್ಲರ ಬಾಯಲ್ಲಿತ್ತು. ಅಂದಿನಿಂದ ನಮ್ಮ ಪ್ರತಿ ಮೈದಾನಕ್ಕೂ ಒಬ್ಬ ಜಿಮ್ಮಿ ಜಾರ್ಜ್ ಇದ್ದೇ ಇರುತ್ತಾನೆ. ಸರದಿ ಪ್ರಕಾರ ಹಿಂದಕ್ಕೆ ಹೋಗಬೇಕು ಎಂದರೆ ಇವನಿಗೆ ಕಿವಿ ಕೇಳಿಸುವುದಿಲ್ಲ. ನೆಟ್ಟಿನ ಮುಂದೆ ಕಂಬದ ಹಾಗೆ ನಿಂತು, ಹತ್ತು ಚೆಂಡು ನೆಟ್ಟಿಗೆ ಹೊಡೆದು, ಹನ್ನೊಂದನೆಯದನ್ನು ಎದುರಿನವರ ಎದೆಗೆ ಬಾರಿಸಿ, ಆ ಒಂದನ್ನು ವಾರಗಟ್ಟಲೆ ಚಹಾದ ಅಂಗಡಿಯಲ್ಲಿ ವರ್ಣಿಸುತ್ತಾನೆ. ಅವನಿಗೆ ಚೆಂಡು ಎತ್ತಿ ಕೊಟ್ಟ ಲಿಫ್ಟರ್ ಯಾರೆಂದು ಕೇಳಿದರೆ ನೆನಪಿರುವುದಿಲ್ಲ.

ಗೆರೆಯ ವಕೀಲರೂ ಇದ್ದಾರೆ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಎರಡು ದಿನಕ್ಕೆ ಅಳಿಸಿಹೋಗುತ್ತದೆ. ಆಮೇಲೆ ಗೆರೆ ಇರುವುದು ಅವರವರ ಮನಸ್ಸಿನಲ್ಲಿ. ಹರಪನಹಳ್ಳಿಯಲ್ಲಿ ಇದರ ಬಗ್ಗೆ ಒಂದು ಸಂಜೆ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದಾಗ ಅಲ್ಲಿದ್ದ ಹಿರಿಯರೊಬ್ಬರು, ‘ಲೇ, ನಮ್ಮ ತಾಲೂಕಿನ ಗೆರೀನ ನಿಂತಲ್ಲಿ ನಿಲ್ಲಲಿಲ್ಲ, ಈ ಸುಣ್ಣದ ಗೆರಿಗೆ ಯಾಕ ಬಡದಾಡ್ತೀರಿ?’ ಎಂದರು. ಅವರ ಮಾತು ಸುಳ್ಳಲ್ಲ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಗಳ ನಗೆಯಲ್ಲಿ ಮುಗಿಯಿತು. ಚೆಂಡು ಒಳಗೆ ಬಿದ್ದಿತ್ತೋ ಹೊರಗೋ ಇವತ್ತಿಗೂ ತೀರ್ಮಾನವಾಗಿಲ್ಲ.

ಪಾಯಿಂಟ್ ಎಣಿಸುವವನ ವಿಷಯ ಹೇಳದಿದ್ದರೆ ಹೇಗೆ? ಮೊದಲು ಸರ್ವೀಸ್ ಮಾಡುವವರಿಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, 15ಕ್ಕೆ ಸೆಟ್ ಮುಗಿಯುತ್ತಿತ್ತು. 1990ರ ದಶಕದ ಕೊನೆಗೆ ನಿಯಮ ಬದಲಾಗಿ ಪ್ರತಿ ಸಲವೂ ಯಾರಿಗಾದರೂ ಪಾಯಿಂಟ್, ಸೆಟ್ 25ಕ್ಕೆ ಎಂದಾಯಿತು. ನಮ್ಮಲ್ಲಿ ಅರ್ಧ ಜನ ಹಳೆಯ ಲೆಕ್ಕದವರು, ಅರ್ಧ ಜನ ಹೊಸ ಲೆಕ್ಕದವರು. ಎಣಿಸುವವನು ತನ್ನ ತಂಡಕ್ಕೆ ಹೊಸ ಲೆಕ್ಕ, ಎದುರಿನ ತಂಡಕ್ಕೆ ಹಳೆಯ ಲೆಕ್ಕ ಹಿಡಿಯುತ್ತಿದ್ದ. ಮೊಬೈಲು ಬಂದ ಮೇಲೆ ಸರ್ವೀಸ್ ಮಾಡುತ್ತಾ ಮಾಡುತ್ತಾ ‘ಹಲೋ’ ಎನ್ನುವವರು ಸೇರಿಕೊಂಡರು. ಅವರ ಬಗ್ಗೆ ಬರೆದರೆ ನನ್ನ ರಕ್ತದೊತ್ತಡ ಏರುತ್ತದೆ, ಬಿಡಿ.

ಇವರೆಲ್ಲರಿಗಿಂತ ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ತಡವಾಗಿ ಬರುವ ದೊಡ್ಡವರ ಮೇಲೆ. ಆಟ ರಂಗೇರಿದ ಹೊತ್ತಿಗೆ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು, ನೇರ ಒಳಗೆ ಬಂದು ಅಲ್ಲಿದ್ದ ಸಣ್ಣ ಹುಡುಗನ ಹೆಗಲ ಮೇಲೆ ಕೈ ಇಡುತ್ತಾರೆ. ‘ತಮ್ಮಾ, ಸ್ವಲ್ಪ ಹೊರಗ ನಿಂದ್ರಪಾ.’ ಹುಡುಗ ಹೊರಗೆ ಹೋಗುತ್ತಾನೆ. ಸ್ವಲ್ಪ ಎಂದರೆ ಬಾಂಗ್ ಆಗುವವರೆಗೆ. ಹೀಗೆ ಹೊರಗೆ ನಿಲ್ಲುವ ಹುಡುಗರೇ ಬೇಲಿಯಾಚೆ ಹೋದ ಚೆಂಡು ತರಬೇಕು, ಜಾಲಿಮುಳ್ಳು ತುಳಿಯಬೇಕು.

ವಾಲಿಬಾಲ್ ಹುಟ್ಟಿದ್ದು ಅಮೆರಿಕದಲ್ಲಿ, 1895ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1891ರಲ್ಲಿ, ಅದೇ ಮಸಾಚುಸೆಟ್ಸ್ ರಾಜ್ಯದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ್ದ. ಅವನು ಬರೆದದ್ದು 13 ನಿಯಮ. ಅದರಲ್ಲಿ ಒಂದು ಅಂಪೈರ್ ಏನು ಮಾಡಬೇಕೆಂದು, ಇನ್ನೊಂದು ರೆಫರಿ ಏನು ಮಾಡಬೇಕೆಂದು ಹೇಳುತ್ತದೆ. ಆಟಗಾರರ ಮೇಲೆ ಒಬ್ಬನ ಕಣ್ಣು, ಚೆಂಡಿನ ಮೇಲೆ ಇನ್ನೊಬ್ಬನ ಕಣ್ಣು. ಆ ಮೇಷ್ಟ್ರಿಗೆ ಮನುಷ್ಯರ ಪರಿಚಯ ಚೆನ್ನಾಗಿತ್ತೆಂದು ಕಾಣುತ್ತದೆ. ನಮ್ಮ ಸಂಜೆಯ ಆಟಕ್ಕೆ ಅಂಪೈರ್ ಎಲ್ಲಿಂದ ಬರಬೇಕು? ಚೆಂಡು ಬಿದ್ದದ್ದನ್ನು ಹತ್ತು ಜನ ನೋಡಿರುತ್ತಾರೆ. ನೆಟ್ ಮುಟ್ಟಿದ್ದು ಹಾಗಲ್ಲ. ಬೆರಳ ತುದಿ ತಾಗಿದ್ದು ಎಷ್ಟೋ ಸಲ ಆ ಬೆರಳಿಗೆ ಮಾತ್ರ ಗೊತ್ತಿರುತ್ತದೆ. ಗಾಳಿಗೂ ನೆಟ್ ಅಳ್ಳಾಡುತ್ತದೆ. ಮುಟ್ಟಿದವನು ತಾನಾಗಿ ಕೈ ಎತ್ತಿ ‘ನಂದು’ ಎಂದರೆ ಮಾತ್ರ ಆಟ ಮುಂದೆ ಸಾಗುತ್ತದೆ.

ಕೊಟ್ಟೂರಿನಲ್ಲಿ ನಮ್ಮ ಜೊತೆ ಹೀಗೆ ಕೈ ಎತ್ತುವ ಒಬ್ಬರಿದ್ದರು. ಎಪಿಎಂಸಿಯಲ್ಲಿ ಹಮಾಲಿ ಮಾಡುವವರು. ಹುಡುಗರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹಗಲೆಲ್ಲ ಮೆಕ್ಕೆಜೋಳದ ಚೀಲ ಹೊತ್ತ ಮೈ, ಮೇಲಕ್ಕೆ ಹಾರಲು ಆಗುತ್ತಿರಲಿಲ್ಲ. ನಿಂತಲ್ಲೇ ನಿಂತು ಚೆಂಡನ್ನು ಎಷ್ಟು ಮೆತ್ತಗೆ ಎತ್ತಿ ಕೊಡುತ್ತಿದ್ದರೆಂದರೆ ಎಂಥವನೂ ಶೂಟ್ ಹೊಡೆಯಬಹುದಿತ್ತು. ಬೆರಳು ತಾಗಿದರೆ ಸಾಕು, ಎದುರಿನವರು ಕೇಳುವ ಮೊದಲೇ, ‘ಬಿಡ್ರಪಾ, ನಂದು’ ಎನ್ನುತ್ತಿದ್ದರು. ಸೆಟ್ 24-24 ಇದ್ದರೂ ಅಷ್ಟೇ. ನಮ್ಮ ತಂಡದವರೇ ಹಲ್ಲು ಕಡಿಯುತ್ತಿದ್ದರು.

ಅಲ್ಲಿಗೆ ಒಬ್ಬ ಹುಡುಗ ಬರುತ್ತಿದ್ದ. ಹದಿನೈದು ಹದಿನಾರು ವಯಸ್ಸಿರಬೇಕು. ಶಾಲೆ ಬಿಟ್ಟು ಎಪಿಎಂಸಿಯಲ್ಲೇ ಚೀಲ ಹೊಲಿಯುತ್ತಿದ್ದ. ಎರಡು ವರ್ಷ ಬೇಲಿಯಾಚೆಯ ಚೆಂಡು ತಂದು ತಂದು, ಎಷ್ಟೋ ಸಲ ‘ಸ್ವಲ್ಪ ಹೊರಗ ನಿಂದ್ರಪಾ’ ಅನ್ನಿಸಿಕೊಂಡು, 2004ರ ಬೇಸಿಗೆಯ ಹೊತ್ತಿಗೆ ಅವನಿಗೊಂದು ಜಾಗ ಸಿಕ್ಕಿತ್ತು. ಚಾಚಾನೇ ಹಟ ಹಿಡಿದು ನಿಲ್ಲಿಸಿದ್ದರು.

ಆ ದಿನ ಹುಡುಗ ಎದುರು ತಂಡದಲ್ಲಿದ್ದ, ಚಾಚಾ ನನ್ನ ತಂಡದಲ್ಲಿದ್ದರು. ಸೋತವರು ಗೆದ್ದವರಿಗೆ ಮಂಡಕ್ಕಿ ಮಿರ್ಚಿ ಕೊಡಿಸಬೇಕೆಂಬ ಪಂದ್ಯ. ಕೊನೆಯ ಸೆಟ್ಟಿನ ಕೊನೆಯ ಪಾಯಿಂಟು. ಚಾಚಾ ಎತ್ತಿ ಕೊಟ್ಟರು, ನಾನು ಹಾರಿ ಹೊಡೆದೆ, ಚೆಂಡು ನೆಲಕ್ಕೆ ಬಿತ್ತು. ನಮ್ಮವರೆಲ್ಲ ಕುಣಿಯುತ್ತಿದ್ದಾಗ ಆ ಹುಡುಗ ಮುಂದೆ ಬಂದು, ‘ಸರ್ ಕೈ ನೆಟ್ಟಿಗೆ ತಾಗೈತ್ರಿ’ ಎಂದ.

ತಾಗಿತ್ತು. ಕೆಳಗೆ ಬರುವಾಗ ಮಣಿಕಟ್ಟಿಗೆ ಏನೋ ಚುರುಕ್ಕೆಂದದ್ದು ನನಗೆ ಗೊತ್ತಾಗಿತ್ತು.

‘ಇಲ್ಲ’ ಎಂದೆ.

‘ತಾಗೈತ್ರಿ ಸರ್, ನಾನು ನೋಡೀನಿ.’

ಯಾಕೆ ಹಾಗೆ ಮಾಡಿದೆನೋ. ಮಿರ್ಚಿಗಾಗಿ ಅಲ್ಲ. ಚೀಲ ಹೊಲಿಯುವ ಹುಡುಗ ಅಷ್ಟು ಜನರ ಮುಂದೆ ನನ್ನ ಕಡೆ ಬೆರಳು ಮಾಡಿದ್ದನ್ನು ತಡೆಯಲಾಗಲಿಲ್ಲವೇನೋ. ‘ತಾಯಾಣೆ, ಮುಟ್ಟಿಲ್ಲ’ ಎಂದುಬಿಟ್ಟೆ. ನನ್ನ ತಾಯಿ ಆಗ ಬದುಕಿದ್ದರು. ಅಷ್ಟು ಸಾಕಾಯಿತು. ಹುಡುಗನ ತಂಡದವರೇ ಅವನ ಮೇಲೆ ಹರಿಹಾಯ್ದರು. ‘ಲೇ, ಸಾಹೇಬ್ರು ಸುಳ್ಳ ಹೇಳ್ತಾರೇನಲೇ? ಆಡಾಕ ಬಿಟ್ಟಿದ್ದ ಹೆಚ್ಚಾತು ನಿನಗ.’ ಅವರಲ್ಲಿ ಇಬ್ಬರ ಕೆಲಸ ನನ್ನ ಕಚೇರಿಯಲ್ಲಿ ಬಾಕಿ ಇತ್ತೆಂಬುದನ್ನೂ ಇಲ್ಲಿ ಹೇಳಬೇಕು. ಮೈದಾನಕ್ಕೆ ಬರುವಾಗ ನಾನು ಸಾಹೇಬಗಿರಿಯನ್ನು ಮನೆಯಲ್ಲಿ ಬಿಟ್ಟು ಬರುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದವನು. ಅದು ಅಂದು ನನ್ನ ಹಿಂದೆಯೇ ನಿಂತಿತ್ತು, ನಾನು ಬೇಡವೆನ್ನಲಿಲ್ಲ.

ಹುಡುಗ ಮತ್ತೆ ಮಾತಾಡಲಿಲ್ಲ. ಅಂಗಡಿಯ ಮುಂದೆ ಸೋತವರು ದುಡ್ಡು ಕೂಡಿಸುವಾಗ ತನ್ನ ಪಾಲಿನ ಐದು ರೂಪಾಯಿ ಹಾಕಿದ. ತಿನ್ನದೆ ಹೋದ. ನಾನು ಪ್ಲೇಟು ಹಿಡಿದು ಕಟ್ಟೆಯ ಮೇಲೆ ಕೂತೆ. ಚಾಚಾ ಪಕ್ಕಕ್ಕೆ ಬಂದು ಕೂತರು. ನನ್ನ ಎಡಗೈ ಹಿಡಿದು, ಗಡಿಯಾರದ ಚೈನಿಗೆ ಸಿಕ್ಕಿಕೊಂಡಿದ್ದ ನೆಟ್ಟಿನ ಹಸಿರು ನೈಲಾನ್ ಎಳೆಯೊಂದನ್ನು ನಿಧಾನವಾಗಿ ಬಿಡಿಸಿದರು. ಬೆರಳಲ್ಲಿ ಉಂಡೆ ಮಾಡಿ ಕೆಳಗೆ ಹಾಕಿದರು.

‘ಮಿರ್ಚಿ ಆರತಾವ, ತಿನ್ರಿ ಸಾಹೇಬ್ರ’ ಎಂದರು. ಇಷ್ಟೇ.

ಎಡಗೈಯಲ್ಲಿ ಹೊಡೆಯುವ ನಾನು ಅದೇ ಕೈಗೆ ಗಡಿಯಾರ ಯಾಕೆ ಕಟ್ಟಿಕೊಂಡು ಆಡುತ್ತಿದ್ದೆ ಎಂದರೆ, ಅದು ಮಾವನವರು ಕೊಟ್ಟದ್ದು, ಹೊಳೆಯುತ್ತಿತ್ತು. ನಾಲ್ಕು ಜನ ನೋಡಲಿ ಎಂದು. ತಲೆ ತಿನ್ನುವವರ ಪಟ್ಟಿಯಲ್ಲಿ ಇಂಥವನೂ ಒಬ್ಬ ಇರಬೇಕಲ್ಲ.

ಹುಡುಗ ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಎಪಿಎಂಸಿಗೆ ಹೋಗಿ ಎರಡು ಮಾತು ಆಡಿದ್ದರೆ ಆಗುತ್ತಿತ್ತು. ನನ್ನ ಕಚೇರಿಯಿಂದ ನಡೆದರೆ ಹತ್ತು ನಿಮಿಷದ ದಾರಿ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಾ ಮಳೆಗಾಲ ಬಂತು. ಒಂದು ದಿನ ಚಾಚಾ ತಾವಾಗಿಯೇ, ‘ಬೆಂಗಳೂರಿಗೆ ಹೋದ ನೋಡ್ರಿ, ಸೆಂಟ್ರಿಂಗ್ ಕೆಲಸಕ್ಕ. ಅವರಣ್ಣ ಕರಕೊಂಡು ಹೋದ’ ಎಂದರು. ನಮ್ಮ ಕಡೆಯಿಂದ ಹಾಗೆ ಹೋಗುವ ಹುಡುಗರು ಎಷ್ಟೋ. ಅವನು ಹೋದದ್ದು ನನ್ನಿಂದ ಅಲ್ಲ, ಹೊಟ್ಟೆಪಾಡಿಗೆ. ಆದರೆ ಹೋಗುವ ಮುಂಚಿನ ಎರಡು ತಿಂಗಳ ಸಂಜೆಗಳನ್ನು ಅವನು ಆಡದೆ ಕಳೆದದ್ದು ನನ್ನಿಂದ. ನನಗೆ ಮುಂದಿನ ವರ್ಷ ಹಡಗಲಿಗೆ ವರ್ಗವಾಯಿತು. ಅಲ್ಲಿ ಹರಿದ ನೆಟ್ಟನ್ನು ತುಂಗಭದ್ರೆಯಲ್ಲಿ ಮೀನು ಹಿಡಿಯುವವರ ಹತ್ತಿರ ಹೊಲಿಸುತ್ತಿದ್ದರು. ಅವರು ಹೊಲಿಯುವುದನ್ನು ನೋಡುತ್ತಾ ಕೂತಾಗ ಆ ಹಸಿರು ಎಳೆ ನೆನಪಾಗುತ್ತಿತ್ತು.

2023ರ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ ಹಸಿರು ಕಾರ್ಡು ಎಂಬ ಹೊಸ ಪದ್ಧತಿ ತಂದರು. ಹಳದಿ, ಕೆಂಪು ಕಾರ್ಡು ತಪ್ಪು ಮಾಡಿದವರಿಗೆ. ಹಸಿರು ಕಾರ್ಡು, ತನ್ನ ತಪ್ಪನ್ನು ತಾನಾಗಿಯೇ ಒಪ್ಪಿಕೊಂಡ ಆಟಗಾರನಿಗೆ. ಸುತ್ತ ಕ್ಯಾಮೆರಾ ಇಟ್ಟು, ವಿಡಿಯೋ ಹಿಂದೆ ಮುಂದೆ ಓಡಿಸಿ ನೋಡುವಷ್ಟು ಸೌಕರ್ಯ ಇರುವವರಿಗೂ ಕೊನೆಗೆ ಆಟಗಾರನ ಬಾಯಿಮಾತೇ ಬೇಕಾಯಿತು. ಪತ್ರಿಕೆಯಲ್ಲಿ ಇದನ್ನು ಓದಿದ ದಿನ ಚಾಚಾಗೆ ಫೋನು ಮಾಡಿ ಹೇಳಿದೆ. ಅವರಿಗೆ ಈಗ ಕಿವಿ ಅಷ್ಟು ಸರಿಯಿಲ್ಲ. ‘ಯಾವ ಕಾರ್ಡು? ರೇಷನ್ ಕಾರ್ಡಾ?’ ಎಂದರು. ಆ ಹುಡುಗನ ಸುದ್ದಿ ಏನಾದರೂ ಇದೆಯೇ ಎಂದು ಕೇಳಿದೆ. ಅದೂ ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತೋ ಏನೋ, ಮಳೆ ಬೆಳೆಯ ಮಾತು ತೆಗೆದರು.

ನಿವೃತ್ತನಾಗಿ ಹರಪನಹಳ್ಳಿಯಲ್ಲಿ ನೆಲೆ ನಿಂತಿದ್ದೇನೆ. ಮೊಣಕಾಲು ನೋವಿನಿಂದ ಆಡಲು ಆಗುವುದಿಲ್ಲ, ಸಂಜೆ ಮೈದಾನಕ್ಕೆ ಹೋಗಿ ಕಂಬದ ಪಕ್ಕ ಕಲ್ಲಿನ ಮೇಲೆ ಕೂರುತ್ತೇನೆ. ಚೆಂಡಿನ ಮಾಲೀಕ, ‘ನಂದು ನಂದು’, ಜಿಮ್ಮಿ ಜಾರ್ಜ್ ಎಲ್ಲರೂ ಬರುತ್ತಾರೆ. ತಲೆ ನೆರೆತವನೆಂದು ಹುಡುಗರು ನನ್ನನ್ನೇ ಅಂಪೈರ್ ಮಾಡಿದ್ದಾರೆ. ‘ಸರ್, ನೆಟ್ ಮುಟ್ಟೈತೋ ಇಲ್ಲೋ ನೀವ ಹೇಳ್ರಿ, ನೀವು ಹೇಳಿದ್ದ ಖರೆ’ ಎನ್ನುತ್ತಾರೆ. ಅವರಿಗೆ ಈ ಕಥೆ ಗೊತ್ತಿಲ್ಲ. ಆಡದಿದ್ದರೂ ಮೈದಾನಕ್ಕೆ ಬಂದ ಕೂಡಲೇ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಸೆಟ್ಟಿನ ನಡುವೆ ಯಾರಾದರೂ, ‘ಟೈಮ್ ಎಷ್ಟಾತ್ರಿ ಸರ್?’ ಎಂದರೆ ಜೇಬು ತಡಕಾಡಬೇಕು.

‘ಬಾಂಗ್ ಆಗಾಕ ಇನ್ನೂ ಹದಿನೈದು ನಿಮಿಷ ಐತಿ. ಹೊರಗ ನಿಂತಾನಲ್ಲ, ಆ ಹುಡುಗನ್ನ ಒಳಗ ಕರೀರಿ’ ಎನ್ನುತ್ತೇನೆ. ಒಮ್ಮೊಮ್ಮೆ ಕರೆಯುತ್ತಾರೆ.