ಬಿಸಿಲೆ ಘಟ್ಟದಲ್ಲಿ ದೀಪವಾರಿದ ಸಂಧ್ಯೆ

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಉತ್ಸವವನ್ನು ನೋಡಿ ಸಕಲೇಶಪುರಕ್ಕೆ ಹಿಂದಿರುಗುವವರಿಗೆ ಬಿಸಿಲೆ ಘಟ್ಟವನ್ನೇರುವ ದಾರಿಯೊಂದುಂಟು. ಹೆಸರು ಬಿಸಿಲೆಯಾದರೂ ಅಲ್ಲಿ ಬಿಸಿಲು ನೆಲವನ್ನು ಮುಟ್ಟುವುದು ಅಪರೂಪ. ಕಾಡು ಅಷ್ಟು ದಟ್ಟವಾಗಿದೆ. ಈ ದಾರಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಮೋಟಾರು ಸೈಕಲ್ಲಿನ ಹಿಂದೆ ನನ್ನನ್ನು ಕುಳ್ಳಿರಿಸಿಕೊಂಡು ಹೊರಟನು. ಕಲ್ಲು ಕೆಸರುಗಳಲ್ಲಿ ಹಾಯುವುದಕ್ಕೆಂದೇ ಮಾಡಿದ ಎತ್ತರದ ವಾಹನವದು. ಅರುವತ್ತರ ಮೊಣಕಾಲುಗಳಿಗೆ ಅದನ್ನೇರುವುದೇ ಒಂದು ಘಟ್ಟ! ಇದ್ದ ದೀಪ ಸಾಲದೆಂದು ಅವನು ಸ್ವಹಸ್ತದಿಂದ ಮುಂದೆ ಇನ್ನೆರಡು ದೀಪಗಳನ್ನು ಜೋಡಿಸಿದ್ದನು.

ಘಟ್ಟದ ಮೇಲಣ ನೋಟದ ತಾಣದಲ್ಲಿ ಇಳಿದೆವು. ಕಣಿವೆಯಾಚೆ 1,712 ಮೀಟರು ಎತ್ತರದ ಕುಮಾರಪರ್ವತವು ಸಂಜೆಗೆಂಪಿನಲ್ಲಿ ನಿಂತಿತ್ತು. ಅಲ್ಲಿಂದ ಏಳಲು ನಾನೇ ತಡಮಾಡಿದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಕತ್ತಲಾಯಿತು. ಮೂರನೆಯ ತಿರುವಿನಲ್ಲಿ ಶಿಷ್ಯನು ಹ್ಯಾಂಡಲನ್ನು ಎಡಕ್ಕೆ ಹೊರಳಿಸಿದೊಡನೆ ಸುಟ್ಟ ವಾಸನೆ ಬಂದಿತು, ದೀಪಗಳೆಲ್ಲ ಆರಿದವು, ಎಂಜಿನ್ನೂ ನಿಂತಿತು. ಅವನು ಆಸನವನ್ನು ಕಿತ್ತು ಬ್ಯಾಟರಿಯ ತಂತಿಯನ್ನು ಕಳಚಿದನು. ಅದು ಆನೆಗಳು ಸಂಚರಿಸುವ ಕಾಡು. ಎಲ್ಲಿಯೋ ಬಿದಿರು ಮುರಿದ ಸದ್ದಾಯಿತು. ಗಾಳಿಯೋ ಆನೆಯೋ ಎಂದು ನಾವು ಒಬ್ಬರನ್ನೊಬ್ಬರು ಕೇಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಂದ ಸರಕಿನ ಗಾಡಿಯೊಂದು ನಮ್ಮನ್ನೂ ವಾಹನವನ್ನೂ ಹೊತ್ತು ಬಿಸಿಲೆ ಗ್ರಾಮದ ಸಜ್ಜನರೊಬ್ಬರ ಮನೆಗೆ ಮುಟ್ಟಿಸಿತು.

ಬೆಳಗ್ಗೆ ಅಂಗಳದಲ್ಲಿ ಪೆಟ್ರೋಲಿನ ಟ್ಯಾಂಕನ್ನು ಇಳಿಸಿದಾಗ ಕಾರಣವು ಕಂಡಿತು. ಹ್ಯಾಂಡಲ್ಲು ತಿರುಗುವ ಕತ್ತಿನೆಡೆಯಲ್ಲಿ ತಂತಿಯನ್ನು ಬಿಗಿಯಾಗಿ ಎಳೆದಿದ್ದನು. ತಿರುವು ತಿರುವಿಗೂ ಅದು ಕಬ್ಬಿಣಕ್ಕೆ ಉಜ್ಜಿ, ಹೊದಿಕೆ ಸವೆದು, ತಾಮ್ರವು ಚೌಕಟ್ಟಿಗೆ ತಗುಲಿತ್ತು. ಚೌಕಟ್ಟೇ ಬ್ಯಾಟರಿಗೆ ವಿದ್ಯುತ್ತು ಮರಳುವ ದಾರಿ. ನಡುವೆ ಫ್ಯೂಸಿದ್ದಿದ್ದರೆ ಅದೊಂದೇ ಉರಿದುಹೋಗುತ್ತಿತ್ತು. ಕೆಲವೇ ರೂಪಾಯಿಗಳ ಆ ವಸ್ತುವನ್ನು ಇವನು ಹಾಕಿರಲಿಲ್ಲ.

"ಇನ್ನೊಂದು ತಪ್ಪೂ ಇದೆ, ಮೇಷ್ಟ್ರೇ" ಎಂದನು. 55 ವಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ 9 ಆಂಪಿಯರಿಗೂ ಮಿಕ್ಕಿ ಸೆಳೆಯುತ್ತವೆ. ಅಷ್ಟನ್ನೂ ಹೆಬ್ಬೆರಳಿನಷ್ಟು ಸ್ವಿಚ್ಚಿನ ಮೂಲಕ ಹರಿಯಿಸಿದ್ದನಂತೆ. ಸಕಲೇಶಪುರದಿಂದ ದಪ್ಪ ತಂತಿ, ರಿಲೇ, 15 ಆಂಪಿಯರಿನ ಫ್ಯೂಸುಗಳನ್ನು ತರಿಸಿದನು. ಸ್ವಿಚ್ಚು ರಿಲೇಯೊಳಗಣ ಸುರುಳಿಗೆ ಅತ್ಯಲ್ಪ ವಿದ್ಯುತ್ತನ್ನು ಕೊಡುವುದು. ಸುರುಳಿಯು ಅಯಸ್ಕಾಂತವಾಗಿ ದೊಡ್ಡ ದಾರಿಯನ್ನು ಮುಚ್ಚುವುದು. ದೀಪದ ಭಾರವನ್ನೆಲ್ಲ ಹೊರುವುದು ಆ ದಾರಿ.

"ಹಾಗಾದರೆ ಸ್ವಿಚ್ಚು ಪ್ರಯೋಜಕಕರ್ತೃ, ತಾನು ಮಾಡದೆ ಮಾಡಿಸುವುದು. ಈ ಪಾಠವನ್ನು ನಿನಗೆ ಎಷ್ಟು ಸಲ ಹೇಳಿಲ್ಲ!" ಎಂದೆನು. ವ್ಯಾಕರಣದಲ್ಲಿ ಎಂದೂ ತೇರ್ಗಡೆಯಾಗದವನು ಬಾಯ್ತುಂಬ ನಕ್ಕು, ತಂತಿಯನ್ನು ಸುಲಿಯತೊಡಗಿದನು.

ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಟ್ಟನು. ದೂರವಿಟ್ಟರೆ ನಡುವಣ ತಂತಿಗೆ ರಕ್ಷಣೆಯಿಲ್ಲವಂತೆ. ಕತ್ತಿನೆಡೆಯಲ್ಲಿ ತಂತಿಗೆ ಕೊಳವೆ ತೊಡಿಸಿ, ಸಡಿಲವಾಗಿ ಬಳಸಿ ತಂದನು. ಎಂಜಿನ್ನು ಮೆಲ್ಲಗೆ ತಿರುಗುವಾಗ ವಿದ್ಯುದುತ್ಪತ್ತಿ ಕಡಿಮೆಯಾಗಿ ದೀಪಗಳು ಬ್ಯಾಟರಿಯನ್ನೇ ಬರಿದು ಮಾಡುವುದರಿಂದ, ಊರೊಳಗೆ ಆ ಎರಡನ್ನೂ ಆರಿಸಿಡುವುದಾಗಿ ಮಾತು ಕೊಟ್ಟನು.

ಮನೆಯವರು ಕಾಫಿ ತಂದಾಗ ಹೊತ್ತು ಮುಳುಗಿತ್ತು. "ನೀವೇ ಒತ್ತಿ ನೋಡಿ, ಮೇಷ್ಟ್ರೇ" ಎಂದನು. ಒತ್ತಿದೆನು. ಆಸನದ ಕೆಳಗೆ ಟಿಕ್ಕೆಂದಿತು. ಅಂಗಳದಾಚೆಯ ಕಾಫಿಗಿಡಗಳು ಬೆಳಗಿದವು. ಅವನು ಹ್ಯಾಂಡಲನ್ನು ಎಡಕ್ಕೆ, ಕೊನೆಯವರೆಗೂ, ಹೊರಳಿಸಿದನು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆನು. ಬೆಳಕು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಕದಲದೆ ಸರಿಯಿತು.